ಜಾದೂಗಾರನ ಇಸ್ಪೀಟು ಕಟ್ಟು: ಕೊಳ್ಳುವುದು ಯಾವುದು, ಕೊಟ್ಟು ಕಳಿಸುವುದು ಯಾವುದು?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವ. ವಾರವಿಡೀ ಫೋರ್ಟ್‌ನಲ್ಲಿ ನೌಕರಿ, ಶನಿವಾರ ಭಾನುವಾರ ಹುಟ್ಟುಹಬ್ಬ, ಆರತಕ್ಷತೆಗಳಲ್ಲಿ ಇಸ್ಪೀಟೆಲೆಯ ಜಾದೂ. ಎರಡು ವರ್ಷದಿಂದ ದುಡ್ಡು ತೆಗೆದುಕೊಂಡೇ ಮಾಡುತ್ತಿದ್ದೇನೆ. ಆದರೆ ಎಲೆಗಳಿಗೇ ಬಹಳ ಖರ್ಚಾಗುತ್ತಿದೆ. ಹೊರದೇಶದ ಕಟ್ಟೇ ಬೇಕೇ, ಇಲ್ಲಿಯದು ಸಾಲದೇ? ಮಳೆಗಾಲದಲ್ಲಿ ಎಲೆ ಬಾಗುತ್ತದೆ, ಅದಕ್ಕೇನು ಮಾಡಲಿ? ಸಹಿ ಹಾಕಿಸಿದ ಎಲೆಯನ್ನು ಜನ ಕೇಳುತ್ತಾರೆ, ಕೊಟ್ಟರೆ ಕಟ್ಟು ಹಾಳಾಗುತ್ತದೆ. ಹಳೆಯ ಕಟ್ಟುಗಳು ಚೀಲದ ತುಂಬಾ ಬಿದ್ದಿವೆ, ಮನೆಯಲ್ಲಿ ಇಷ್ಟೊಂದು ಇಸ್ಪೀಟು ಯಾಕೆ ಎಂದು ಅಮ್ಮ ಬೈಯುತ್ತಾರೆ. ದಾರಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ತಡೆದು ನಿಂತದ್ದು ‘ಕಟ್ಟು ಹಾಳಾಗುತ್ತದೆ’ ಎನ್ನುವಲ್ಲಿ. ಮಾಟುಂಗದಲ್ಲಿ ಬಾಳೆಲೆ ಊಟಕ್ಕೆ ಕೂತಿರುತ್ತೀರಿ. ಊಟ ಮುಗಿದ ಮೇಲೆ ಎಲೆ ಹೋಯಿತಲ್ಲಾ ಎಂದು ಹೋಟೆಲಿನವರು ಕೊರಗುವುದನ್ನು ನೋಡಿದ್ದೀರಾ? ಊಟದ ದರದಲ್ಲೇ ಎಲೆಯ ದುಡ್ಡೂ ಕೂಡಿರುತ್ತದೆ. ನಮ್ಮ ಎಲೆಯೂ ಹಾಗೆಯೇ. ಮೂವತ್ತು ವರ್ಷ ಈ ಊರಿನ ಮದುವೆ ಹಾಲ್‌ಗಳಲ್ಲಿ, ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಎಲೆ ಹಿಡಿದೇ ಹೊಟ್ಟೆ ಹೊರೆದವನು ನಾನು. ಒಂದು ಸಂಜೆಗೆ ನೀವು ಹೇಳುವ ಮೊತ್ತದಲ್ಲಿ ಎರಡು ಹೊಸ ಕಟ್ಟಿನ ಬೆಲೆ ಸೇರಿಲ್ಲವೆಂದರೆ ತಪ್ಪು ನಿಮ್ಮ ದರದಲ್ಲಿದೆ, ಎಲೆಯಲ್ಲಿಲ್ಲ. ಮೊದಲು ಅದನ್ನು ಸರಿಮಾಡಿಕೊಳ್ಳಿ. ಆಮೇಲಿನ ಮಾತೆಲ್ಲ ಸುಲಭ.

ಹೊರದೇಶದ ಕಟ್ಟು ಬೇಕೇ ಎಂದು ಕೇಳಿದ್ದೀರಿ. ಜಾದೂಗಾರರು ‘ಬೈಸಿಕಲ್’ ಎಂಬ ಹೆಸರಿನ ಕಟ್ಟನ್ನೇ ಹಿಡಿಯುವುದು ಶೋಕಿಗಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ 1885ರಿಂದ ಆ ಹೆಸರಿನ ಎಲೆ ಅಚ್ಚಾಗುತ್ತಾ ಬಂತು. 2009ರಲ್ಲಿ ಕಾರ್ಖಾನೆ ಪಕ್ಕದ ಕೆಂಟಕಿ ರಾಜ್ಯಕ್ಕೆ ಹೋಯಿತು, 2019ರಲ್ಲಿ ಬೆಲ್ಜಿಯಮ್ಮಿನ ಕಾರ್ಟಮುಂಡಿ ಅದನ್ನು ಕೊಂಡಿತು. ಇಷ್ಟೆಲ್ಲ ಆದರೂ ಸೈಕಲ್ ಮೇಲೆ ಕೂತ ರೆಕ್ಕೆಯ ದೇವದೂತನ ಆ ಹಿಂಬದಿ ಚಿತ್ರ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ನಮಗೆ ಬೇಕಾದದ್ದು ಅದೇ. ಜಾದೂವಿಗೆಂದೇ ಮಾಡುವ ವಿಶೇಷ ಎಲೆಗಳು ಜಗತ್ತಿನಲ್ಲಿ ಹೆಚ್ಚಾಗಿ ಅಚ್ಚಾಗುವುದು ಆ ಒಂದು ಹಿಂಬದಿಯಲ್ಲಿ. ನಿಮ್ಮ ಮಾಮೂಲಿ ಕಟ್ಟೂ ಅದೇ ಆಗಿದ್ದರೆ ಎರಡೂ ಕೂಡಿಕೊಳ್ಳುತ್ತವೆ. ಬೇರೆ ಕಟ್ಟು ಹಿಡಿದರೆ ಆ ಬಾಗಿಲು ಮುಚ್ಚಿತು. ಹಿಂಬದಿಯ ಸುತ್ತ ಬಿಳಿ ಅಂಚು ಇರಲೇಬೇಕೆಂದು ಹಿರಿಯರು ಯಾಕೆ ಹೇಳುತ್ತಾರೆಂಬುದು ನಿಮಗೆ ಗೊತ್ತು, ಇಲ್ಲಿ ಬರೆಯಲಾರೆ.

ಆದರೆ ವಿಶೇಷ ಎಲೆ ಬೇಡದ ಕೆಲಸವೇ ನಮ್ಮಲ್ಲಿ ಹೆಚ್ಚು. ಅದಕ್ಕೆ ಇಲ್ಲಿಯ ಕಟ್ಟು ಧಾರಾಳವಾಗಿ ಸಾಕು. ಬೆಲೆಯಲ್ಲಿ ಒಂದಕ್ಕೆ ಮೂರೋ ನಾಲ್ಕೋ ಬರುತ್ತವೆ. ಕ್ರಾಫರ್ಡ್ ಮಾರ್ಕೆಟ್ಟಿನ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸಗಟು ಅಂಗಡಿಗಳಿಗೆ ಹೋಗಿ, ಬೇರೆ ಬೇರೆ ತರದ್ದು ಒಂದೊಂದೇ ಕಟ್ಟು ಕೊಂಡು, ಮನೆಗೆ ತಂದು ಪರೀಕ್ಷಿಸಿ. ಒಂದು ಎಲೆಯನ್ನು ಟ್ಯೂಬ್‌ಲೈಟಿಗೆ ಎದುರು ಹಿಡಿಯಿರಿ. ಒಳ್ಳೆಯ ಎಲೆಯೆಂದರೆ ಎರಡು ಕಾಗದ, ನಡುವೆ ಕಪ್ಪು ಗೋಂದು, ಬೆಳಕು ದಾಟುವುದಿಲ್ಲ. ಅಗ್ಗದ ಎಲೆಯಲ್ಲಿ ರಾಣಿಯ ಮುಖ ಬೆನ್ನಿನಿಂದಲೇ ತೋರುತ್ತದೆ, ಆರತಕ್ಷತೆಯ ಫೋಕಸ್ ದೀಪದ ಕೆಳಗೆ ಅದು ನಿಮ್ಮ ಮಾನ ಕಳೆಯುತ್ತದೆ. ಆಮೇಲೆ ಎಲೆಯನ್ನು ಬಿಲ್ಲಿನಂತೆ ಬಗ್ಗಿಸಿ ಬಿಡಿ, ತಾನಾಗಿ ನೆಟ್ಟಗಾಗಬೇಕು. ಕೊನೆಗೆ ಕಟ್ಟನ್ನು ಬೀಸಣಿಗೆಯ ಹಾಗೆ ಹರಡಿ. ಮುದ್ದೆಮುದ್ದೆಯಾಗಿ ಬಂದರೆ ಮೇಲ್ಮೈ ತೀರಾ ನುಣುಪು ಎಂದರ್ಥ. ಒಳ್ಳೆಯ ಎಲೆಯ ಮೈಮೇಲೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕುಳಿಗಳಿರುತ್ತವೆ. ಅವುಗಳಲ್ಲಿ ಗಾಳಿ ನಿಲ್ಲುವುದರಿಂದಲೇ ಎಲೆ ಎಲೆಯ ಮೇಲೆ ಜಾರುವುದು.

ಅಳತೆ ನೋಡಿ ಕೊಳ್ಳಿ. ಪೋಕರ್ ಅಳತೆ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ. ಬ್ರಿಜ್ ಅಳತೆ ಅಗಲದಲ್ಲಿ ಕಾಲಿಂಚು ಕಿರಿದು. ನಿಮ್ಮ ಕೈ ಯಾವುದಕ್ಕೆ ಪಳಗಿದೆಯೋ ಅದೊಂದನ್ನೇ ಇಟ್ಟುಕೊಳ್ಳಿ. ಪೂರ್ತಿ ಪ್ಲಾಸ್ಟಿಕ್ಕಿನ ಎಲೆಗೆ ನೀರು ತಾಗದು ನಿಜ, ಮನೆಯಲ್ಲಿ ರಮ್ಮಿ ಆಡಲು ಅದೇ ಲೇಸು. ನಮಗಲ್ಲ. ಅದು ಮಡಿಕೆ ಹಿಡಿಯದು, ಹರಿಯಲು ಬಾರದು, ಅದರ ಮೇಲಿನ ಸಹಿ ಬೆರಳಿಗೇ ಬಂದುಬಿಡುತ್ತದೆ.

ಯಾವುದೆಂದು ಗೊತ್ತುಮಾಡಿಕೊಂಡ ಮೇಲೆ ಒಂದೊಂದೇ ಕಟ್ಟನ್ನು ಕೊಳ್ಳಬೇಡಿ. ಹನ್ನೆರಡು ಕಟ್ಟಿನ ಪೊಟ್ಟಣಕ್ಕೆ ಅಂಗಡಿಯವರು ಡಜನ್ ಅನ್ನುತ್ತಾರೆ, ಜಾದೂಗಾರರು ಇಟ್ಟಿಗೆ ಅನ್ನುತ್ತಾರೆ. ಇಟ್ಟಿಗೆಯನ್ನೇ ಕೊಳ್ಳಿ, ಒಡೆಯದ ಪೊಟ್ಟಣವನ್ನೇ ಕೇಳಿ. ಉಳಿತಾಯ ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ: ಒಂದೇ ಹೆಸರಿನ ಕಟ್ಟಿನಲ್ಲೂ ಅಚ್ಚಿನಿಂದ ಅಚ್ಚಿಗೆ ಹಿಂಬದಿಯ ಕೆಂಪು ಬಣ್ಣ ಒಂದು ಎಳೆ ಹೆಚ್ಚುಕಡಿಮೆ ಆಗುತ್ತದೆ. ಇವತ್ತು ಹೋದ ಆಟೀನು ಏಳರ ಜಾಗಕ್ಕೆ ಆರು ತಿಂಗಳ ಹಿಂದಿನ ಕಟ್ಟಿನ ಏಳನ್ನು ಹಾಕಿದರೆ, ಬೇರೆ ಯಾರೂ ಗಮನಿಸದಿದ್ದರೂ ಎದುರಿಗೆ ಕೂತ ಹತ್ತು ವರ್ಷದ ಹುಡುಗಿಗೆ ತಿಳಿಯುತ್ತದೆ. ಒಂದೇ ಇಟ್ಟಿಗೆಯೊಳಗಿನ ಕಟ್ಟುಗಳಿಗೆ ಈ ತೊಂದರೆ ಅಪರೂಪ. ಕೆಂಪು, ನೀಲಿ ಎರಡೂ ಇಟ್ಟುಕೊಳ್ಳಿ, ಆದರೆ ದುಡಿಮೆ ಒಂದೇ ಬಣ್ಣದ್ದಿರಲಿ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ‘ಬೈಸಿಕಲ್’ ನಕಲಿ ಇರಬಹುದು. ಮಸುಕು ಅಚ್ಚು, ಕುಳಿಯಿಲ್ಲದ ನುಣುಪು ಕಂಡರೆ ಅದರ ಗುಟ್ಟು ಬಯಲಾಯಿತು.

ಇನ್ನು ಮಳೆಗಾಲದ ಮಾತು. ಮುಂಬಯಿಯಲ್ಲಿ ಎಲೆಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ತಿಂಗಳ ಜ್ವರ. ಕಾಗದ ಗಾಳಿಯ ನೀರನ್ನು ಕುಡಿಯುತ್ತದೆ, ಉಬ್ಬುತ್ತದೆ. ಕಟ್ಟಿನ ಒಳಗಿನ ಎಲೆಗೆ ಗಾಳಿ ತಾಗುವುದು ಅಂಚಿನಲ್ಲಿ ಮಾತ್ರ, ಹೊರಗಿನ ಎಲೆಗೆ ಮೈತುಂಬಾ. ಆದ್ದರಿಂದ ಉಬ್ಬುವುದೂ ಒಂದೇ ಸಮ ಇರುವುದಿಲ್ಲ, ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಎಸಿ ಹಾಲ್‌ನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡಿದಷ್ಟೂ ಅದಕ್ಕೆ ಆಯಾಸ. ನಾನು ಮಾಡುವುದು ಇಷ್ಟು: ಬಿಗಿ ಮುಚ್ಚಳದ ಡಬ್ಬಿ, ಅದರಲ್ಲಿ ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುತ್ತದಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು. ಹೊರಗೆ ಹೊರಟಾಗ ಕಟ್ಟು ಲೋಹದ ಕ್ಲಿಪ್ಪಿನೊಳಗೆ ಬಿಗಿಯಾಗಿ ಕೂತಿರುತ್ತದೆ. ರಬ್ಬರ್ ಬ್ಯಾಂಡ್ ಹಾಕಲೇಬೇಡಿ, ಅಂಚು ಕಚ್ಚಿ ಗುರುತು ಬೀಳುತ್ತದೆ. ಡೊಂಬಿವಲಿ ಫಾಸ್ಟ್ ಲೋಕಲ್‌ನಲ್ಲಿ ಪ್ಯಾಂಟಿನ ಜೇಬಿನಲ್ಲಿಟ್ಟ ಕಟ್ಟು ದಾದರ್ ತಲುಪುವಷ್ಟರಲ್ಲಿ ನಿಮ್ಮ ತೊಡೆಯ ಆಕಾರಕ್ಕೆ ಬಂದಿರುತ್ತದೆ. ಚೀಲದಲ್ಲಿಡಿ. ಟಾಲ್ಕಂ ಪೌಡರ್ ಹಾಕಿದರೆ ಜಾರುತ್ತದೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಬೆವರಿಗೆ ಸೇರಿ ಅದು ಗೋಡೆಯ ಸುಣ್ಣದಂತೆ ಕಟ್ಟಿಕೊಳ್ಳುತ್ತದೆ.

ಬಳಸುವಾಗ ನೆನಪಿಡಬೇಕಾದ ದೊಡ್ಡ ಶತ್ರು ಮಳೆಯಲ್ಲ, ತುಪ್ಪ. ನಮ್ಮ ಮದುವೆಗಳಲ್ಲಿ ಕೈಯಲ್ಲಿ ಊಟ. ಪಂಕ್ತಿ ಎದ್ದ ಮೇಲೆ ಹೋಗಿ ‘ಒಂದು ಎಲೆ ತೆಗೆಯಿರಿ’ ಎಂದರೆ ಕೋರಿ ರೊಟ್ಟಿಯ ಎಣ್ಣೆಯೋ ಹೋಳಿಗೆಯ ತುಪ್ಪವೋ ಐವತ್ತೆರಡಕ್ಕೂ ಬಳಿದುಕೊಳ್ಳುತ್ತದೆ. ಆದ್ದರಿಂದ ಸಂಘಟಕರ ಜೊತೆ ಮೊದಲೇ ಮಾತಾಡಿ: ನಿಮ್ಮ ಹೊತ್ತು ಊಟಕ್ಕೆ ಮುಂಚೆ, ವೇದಿಕೆಯೆದುರು ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತವರ ಬಳಿ. ಅಲ್ಲಿ ಜನಕ್ಕೂ ಬೇಸರ ಕಳೆಯಬೇಕಾಗಿರುತ್ತದೆ, ಕೈಯೂ ಶುದ್ಧವಿರುತ್ತದೆ. ಮೂರು ಗಂಟೆ ಹೀಗೆ ಸುತ್ತಾಡಿದರೆ ನನಗೆ ಎರಡು ಕಟ್ಟು ಬೇಕು, ಮೂರನೆಯದು ಸೀಲು ಒಡೆಯದೆ ಚೀಲದಲ್ಲಿರುತ್ತದೆ. ಹೊಸ ಕಟ್ಟನ್ನು ಹಿಂದಿನ ರಾತ್ರಿಯೇ ಒಡೆದು ಹತ್ತಿಪ್ಪತ್ತು ಸಲ ಕಲಸಿ ಪಳಗಿಸಿಕೊಳ್ಳಿ. ಕಾರ್ಖಾನೆಯಿಂದ ಬಂದ ಎಲೆಯ ಅಂಚು ಹರಿತವಿರುತ್ತದೆ, ಒಂದಕ್ಕೊಂದು ಹತ್ತಿಕೊಳ್ಳುತ್ತದೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ಈ ಊರಿನಲ್ಲಿ ಎಲೆಗೆ ಹೆಸರು ಹತ್ತು. ನಮ್ಮವರು ಇಸ್ಪೀಟು, ಆಟೀನು, ಡೈಮನ್, ಕಳಾವರ್ ಅನ್ನುತ್ತಾರೆ. ಮರಾಠಿಯವರಿಗೆ ಅದೇ ಇಸ್ಪಿಕ್, ಬದಾಮ್, ಚೌಕಟ್, ಕಿಲವರ್. ಹಿಂದಿಯವರಿಗೆ ಹುಕುಂ, ಪಾನ್, ಈಂಟ್, ಚಿಡಿ. ಗುಜರಾತಿಯವರು ಲಾಲ್ ಎಂದರೆ ಬರೀ ಕೆಂಪು ಬಣ್ಣ ಎಂದುಕೊಳ್ಳಬೇಡಿ, ಅದು ಬದಾಮ್. ಮುಲುಂಡಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ‘ಲಾಲ್ ರಾಣಿ’ ಎಂದಾಗ ನಾನು ಡೈಮನ್ ರಾಣಿಯನ್ನು ಎತ್ತಿ ಹಿಡಿದು ನಿಂತುಬಿಟ್ಟಿದ್ದೆ. ಆಟ ಸರಿಯಾಗಿಯೇ ನಡೆದಿತ್ತು, ಕೆಟ್ಟದ್ದು ಭಾಷೆಯಲ್ಲಿ. ಅಂದಿನಿಂದ ಆರಿಸಿದ ಎಲೆಯನ್ನು ಪಕ್ಕದವರಿಗೂ ತೋರಿಸಿ ಎಂದು ಹೇಳುತ್ತೇನೆ. ಮುಂಬಯಿಯಲ್ಲಿ ಎಲೆ ಹಿಡಿಯುವವನು ಈ ನಾಲ್ಕು ಭಾಷೆಯ ಹದಿನಾರು ಹೆಸರನ್ನು ಕೈಚಳಕಕ್ಕಿಂತ ಮೊದಲು ಕಲಿಯಬೇಕು.

ಸಹಿ ಹಾಕಿದ ಎಲೆಯ ಮಾತಿಗೆ ಬರೋಣ. ನಡುವೆ ತೂರಿಸಿದ ಎಲೆ ಮತ್ತೆ ಮತ್ತೆ ಮೇಲಕ್ಕೇ ಬರುವ ಆಟ ನೀವೂ ಮಾಡುತ್ತೀರಿ. 1922ರಲ್ಲಿ ಶಿಕಾಗೊದಲ್ಲಿ ಜಾದೂಗಾರ ಡೈ ವರ್ನನ್ ಅದನ್ನು ಹೆಸರಾಂತ ಜಾದೂಗಾರ ಹ್ಯಾರಿ ಹೂಡಿನಿಯ ಮುಂದೆ ಮಾಡಿದ. ಯಾವ ಆಟವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳುತ್ತೇನೆ ಎನ್ನುತ್ತಿದ್ದ ಹೂಡಿನಿ, ಎಷ್ಟು ಸಲ ನೋಡಿದರೂ ಹೇಳಲಾಗಲಿಲ್ಲ. ನೂರು ವರ್ಷ ಕಳೆದರೂ ಆ ಆಟಕ್ಕೆ ಮುಪ್ಪಿಲ್ಲ. ಯಾಕೆಂದರೆ ಎಲೆಯ ಮೇಲೆ ನೋಡುಗರ ಸಹಿ ಇರುತ್ತದೆ; ಆಡುವುದು ನೀವಾದರೂ ಅಷ್ಟು ಹೊತ್ತು ಆ ಎಲೆ ಅವರದ್ದು. ಸಹಿ ಹಾಕಿಸಿ, ಅವರನ್ನು ಬೆರಗುಗೊಳಿಸಿ, ಕೊನೆಗೆ ಅದನ್ನು ಮತ್ತೆ ಕಟ್ಟಿನೊಳಕ್ಕೆ ಸೇರಿಸಿಕೊಂಡು ಹೊರಟರೆ ಅದು ಜಿಪುಣತನ. ಕೊಟ್ಟುಬಿಡಿ. ಅವರು ಕೇಳುವ ಮೊದಲೇ ಕೊಡಿ. ಶಾಯಿ ಆರುವವರೆಗೆ ಹತ್ತು ಸೆಕೆಂಡು ತಡೆಯಿರಿ, ಮಳೆಗಾಲದಲ್ಲಿ ಇಪ್ಪತ್ತು. ಆ ಹೊತ್ತಿನಲ್ಲಿ ಮಾತಾಡಿಸಿ, ಊರು ಯಾವುದು ಕೇಳಿ. ನಮ್ಮ ಜನರಿದ್ದರೆ ಕನ್ನಡದಲ್ಲೇ ಸಹಿ ಹಾಕಿ ಎನ್ನಿ. ನಲವತ್ತು ವರ್ಷ ಬ್ಯಾಂಕಿನ ಚೆಕ್ಕಿಗೂ ಸೊಸೈಟಿಯ ಕಾಗದಕ್ಕೂ ಇಂಗ್ಲಿಷಿನಲ್ಲಿ ಸಹಿ ಹಾಕಿದವರು ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿ, ನಿಧಾನವಾಗಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾರೆ. ಆ ಎಲೆಯನ್ನು ಅವರು ಕಳೆದುಕೊಳ್ಳುವುದಿಲ್ಲ.

ಮದುವೆಯಲ್ಲಿ ನಾನು ಕೊನೆಗೆ ಮಾಡುವ ಆಟ ಒಂದೇ. ವರ ಒಂದು ಎಲೆಗೆ, ವಧು ಇನ್ನೊಂದಕ್ಕೆ ಸಹಿ ಹಾಕುತ್ತಾರೆ. ಎರಡನ್ನೂ ವಧುವಿನ ಅಂಗೈಗಳ ನಡುವೆ ಇಟ್ಟು, ಅದರ ಮೇಲೆ ವರನ ಕೈ ಇಡಿಸುತ್ತೇನೆ. ತೆರೆದಾಗ ಇರುವುದು ಒಂದೇ ಎಲೆ, ಒಂದು ಮಗ್ಗುಲಲ್ಲಿ ಅವನ ಸಹಿ, ಇನ್ನೊಂದರಲ್ಲಿ ಅವಳದು. ಇಡೀ ಸಂಜೆಯಲ್ಲಿ ನನಗೆ ಬಿಡಿಯಾಗಿ ಅತಿ ದುಬಾರಿ ಬೀಳುವ ಎಲೆ ಅದು, ನಾನು ಬಿಟ್ಟು ಬರುವುದೂ ಅದನ್ನೇ. ಆಮೇಲೆ ನನಗೆ ಬಂದ ಕರೆಗಳಲ್ಲಿ ಎಷ್ಟೋ ಆ ಎಲೆಯನ್ನು ಮನೆಯ ಗೋಡೆಯ ಫ್ರೇಮಿನಲ್ಲಿ ನೋಡಿದ ನೆಂಟರದ್ದು.

ಕೊಡುವುದರಲ್ಲಿ ಎಚ್ಚರವೂ ಬೇಕು. ವರ್ಷಗಳ ಹಿಂದೆ ಠಾಣೆಯ ಕಡೆ ಒಂದು ಹುಟ್ಟುಹಬ್ಬದಲ್ಲಿ ಚಪ್ಪಾಳೆಯ ಸಂಭ್ರಮಕ್ಕೆ ಮನಸೋತು ಕೈಯಲ್ಲಿದ್ದ ಇಡೀ ಕಟ್ಟನ್ನೇ ಹುಡುಗನಿಗೆ ಕೊಟ್ಟೆ. ಅದರೊಳಗೆ ಇರಬಾರದ ಎಲೆಯೊಂದು ಉಳಿದಿತ್ತು. ನಾನು ಚಪ್ಪಲಿ ಮೆಟ್ಟುವುದರೊಳಗೆ ಅವನಿಗೆ ಅದು ಸಿಕ್ಕಿತು. ಗೆದ್ದೆನೆಂದು ಕುಣಿಯುತ್ತಾನೆ ಅಂದುಕೊಂಡೆ, ಹುಡುಗನ ಮುಖ ಸಪ್ಪಗಾಯಿತು. ಅವನಿಗೆ ಬೇಕಾಗಿದ್ದದ್ದು ಜಾದೂ, ನಾನು ಕೊಟ್ಟದ್ದು ಅದರ ಹೆಣ. ಇವತ್ತಿಗೂ ಆ ಮುಖ ಮರೆತಿಲ್ಲ. ಅಂದಿನಿಂದ ವಿಶೇಷ ಎಲೆಗಳಿಗೆ ಎಡಗಡೆಯ ಒಳಜೇಬು, ಬೇರೆಲ್ಲೂ ಇಲ್ಲ. ಮಕ್ಕಳಿಗೆ ಕೊಡುವುದು ಸೀಲು ಒಡೆಯದ ಇಲ್ಲಿಯ ಕಟ್ಟು, ಅದು ಚೀಲದ ಬೇರೆ ಅರೆಯಲ್ಲಿ.

ಹುಟ್ಟುಹಬ್ಬದ ಮಗುವಿಗೆ ಬರೀ ಕಟ್ಟು ಕೊಡಬೇಡಿ, ಅದರ ಜೊತೆ ಒಂದು ಆಟವನ್ನೂ ಕಲಿಸಿ ಬನ್ನಿ. ಲೆಕ್ಕದಿಂದ ತಾನೇ ನಡೆಯುವಂಥದ್ದು, ಯಾರ ಹೊಟ್ಟೆಯ ಮೇಲೂ ಹೊಡೆಯದಂಥದ್ದು. ಇಪ್ಪತ್ತೊಂದು ಎಲೆಯ ಆಟ ಇದಕ್ಕೆ ಹೇಳಿ ಮಾಡಿಸಿದ್ದು. ಎಲೆಗಳ ಮುಖ ಮೇಲಿರಲಿ. ಅಡ್ಡಕ್ಕೆ ಒಂದೊಂದಾಗಿ ಹಾಕುತ್ತಾ ಏಳೇಳರ ಮೂರು ಸಾಲು ಮಾಡಿ. ಮನಸ್ಸಿನಲ್ಲಿಟ್ಟ ಎಲೆ ಯಾವ ಸಾಲಿನಲ್ಲಿದೆ ಎಂದು ಕೇಳಿ, ಆ ಸಾಲನ್ನು ಉಳಿದೆರಡರ ನಡುವೆ ಇಟ್ಟು ಕೂಡಿಸಿ, ಮೇಲಿನಿಂದ ಮತ್ತೆ ಹಾಕಿ. ಹೀಗೆ ಮೂರು ಸಲ. ಹನ್ನೊಂದನೆಯದೇ ಆ ಎಲೆ. ಮೊದಲ ಸಲಕ್ಕೆ ಅದು ಎಂಟರಿಂದ ಹದಿನಾಲ್ಕರೊಳಗೆ ಬಂದಿರುತ್ತದೆ, ಎರಡನೆಯದಕ್ಕೆ ಹತ್ತರಿಂದ ಹನ್ನೆರಡರೊಳಗೆ, ಮೂರನೆಯದಕ್ಕೆ ನಟ್ಟನಡುವೆ. ಎಂಟು ವರ್ಷದ ಮಗು ಇದನ್ನು ಹತ್ತು ನಿಮಿಷದಲ್ಲಿ ಕಲಿಯುತ್ತದೆ.

ಹಳೆಯ ಕಟ್ಟಿನ ಚೀಲವನ್ನು ಈ ಭಾನುವಾರ ನೆಲಕ್ಕೆ ಸುರುವಿ ಎಣಿಸಿ. ಐವತ್ತೆರಡೂ ಇದ್ದು ಬರೀ ಸವೆದಿರುವವು ಅಭ್ಯಾಸಕ್ಕೆ. ಎಲೆ ಕಡಿಮೆ ಬಿದ್ದವನ್ನು ಒಡೆದು ಸಂಖ್ಯೆವಾರು ಜೋಡಿಸಿ, ಎಕ್ಕಗಳು ಒಂದು ಕಡೆ, ರಾಣಿಗಳು ಒಂದು ಕಡೆ. ಅದು ನಿಮ್ಮ ಬ್ಯಾಂಕು. ಹರಿದು ಮತ್ತೆ ಜೋಡಿಸುವ ಆಟಗಳಿಗೆ, ನಿಂಬೆಹಣ್ಣಿನೊಳಗೆ ಹೋಗುವ ಎಲೆಗೆ ಅಲ್ಲಿಂದ ತೆಗೆಯಿರಿ. ಉಳಿದದ್ದರಲ್ಲಿ ಮಕ್ಕಳು ಮನೆ ಕಟ್ಟಲಿ. ಆದರೆ ಒಂದು ಕಟ್ಟುನಿಟ್ಟು: ನಿಮ್ಮ ಕೈಯಲ್ಲಿ ಆಡಿದ ಕಟ್ಟು ದುಡ್ಡಿಟ್ಟು ಆಡುವವರ ಕೈಗೆ ಹೋಗಕೂಡದು. ಸೊಸೈಟಿಯ ವಾಚ್‌ಮನ್ ಕೇಳಿದರೂ, ರಿಕ್ಷಾ ಸ್ಟ್ಯಾಂಡಿನ ಹುಡುಗರು ಕೇಳಿದರೂ. ನಾವು ಉದ್ದೇಶಪಟ್ಟೋ ಪಡದೆಯೋ ಮಾಡಿದ ಮಡಿಕೆ, ಗೀರು ಅದರಲ್ಲಿರುತ್ತದೆ. ಯಾರಾದರೂ ಸೋತರೆ ಪಾಪ ನಮ್ಮ ತಲೆಗೆ. ಲಾಸ್ ವೇಗಸ್‌ನ ಕ್ಯಾಸಿನೊಗಳು ಬಳಸಿದ ಕಟ್ಟಿಗೆ ತೂತು ಕೊರೆದೋ ಮೂಲೆ ಕತ್ತರಿಸಿಯೋ ಹೊರಗೆ ಬಿಡುವುದು ಇದಕ್ಕೇ. ನಾನೂ ಕತ್ತರಿಯಿಂದ ಒಂದು ಮೂಲೆ ತೆಗೆದೇ ಕೊಡುತ್ತೇನೆ. ನೀವು ದುಡ್ಡಿನ ಆಟಕ್ಕೆ ಕೂರಲೂ ಬೇಡಿ, ಸ್ನೇಹಿತರ ನಡುವೆಯೂ ಬೇಡ.

ಅಮ್ಮ ಬೈಯುವುದು ಈ ಭಯದಿಂದಲೇ ಇರಬೇಕು. ಇಸ್ಪೀಟಿನಿಂದ ಮನೆ ಮುಳುಗಿದ ಕಥೆ ನಮ್ಮ ಊರುಗಳಲ್ಲಿ ಮನೆಗೊಂದಿದೆ, ಅವರನ್ನು ತಪ್ಪೆನ್ನಲಾರೆ. ಒಂದು ದಿನ ಅವರನ್ನು ಕಾರ್ಯಕ್ರಮಕ್ಕೆ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿ. ಮುಂದೆ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗ ಸಾವಂತವಾಡಿಯಲ್ಲಿ ಒಂದು ದಿನ ಇಳಿದುಕೊಳ್ಳಿ. ಅಲ್ಲಿಯ ಅರಮನೆಯಲ್ಲಿ ಇವತ್ತಿಗೂ ಕೈಯಲ್ಲಿ ಗಂಜೀಫಾ ಬರೆಯುತ್ತಾರೆ, ದುಂಡನೆಯ ಅರಗಿನ ಹೊಳಪಿನ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರೂ ಗಂಜೀಫಾ ಆಟಗಳನ್ನು ಹೊಸದಾಗಿ ರಚಿಸಿದವರು. ಮತ್ಸ್ಯ, ಕೂರ್ಮ, ನರಸಿಂಹನನ್ನು ಎಲೆಯ ಮೇಲೆ ಕಂಡ ಅಮ್ಮನ ಮನಸ್ಸು ಸ್ವಲ್ಪ ಕರಗೀತು. ದುಡಿಮೆಗೆ ಮಾತ್ರ ಅದನ್ನು ಬಳಸಬೇಡಿ, ಅದು ಕಲಸಿ ಸವೆಸುವ ಎಲೆಯಲ್ಲ.

ಕೊನೆಗೆ ಖರ್ಚಿಲ್ಲದ ಒಂದು ಉಪಾಯ. ನೂರು ವರ್ಷದ ಹಿಂದೆ ಅಮೆರಿಕದ ಜಾದೂಗಾರ ಹೊವರ್ಡ್ ಥರ್ಸ್ಟನ್ ತನ್ನ ಭಾವಚಿತ್ರ ಅಚ್ಚು ಹಾಕಿಸಿದ ಎಲೆಗಳನ್ನು ವೇದಿಕೆಯಿಂದ ಬಾಲ್ಕನಿಯವರೆಗೆ ಎಸೆಯುತ್ತಿದ್ದ. ಹಿಡಿದವರು ಅದನ್ನು ಮನೆಗೊಯ್ದು ಇಟ್ಟುಕೊಳ್ಳುತ್ತಿದ್ದರು. ನಮಗೆ ಅಚ್ಚು ಹಾಕಿಸುವ ಗೊಡವೆ ಬೇಡ. ಬೈಸಿಕಲ್‌ನಂಥ ಕಟ್ಟಿನಲ್ಲಿ ಐವತ್ತೆರಡರ ಜೊತೆ ಎರಡು ಜೋಕರ್, ಎರಡು ಜಾಹೀರಾತು ಎಲೆ, ಒಟ್ಟು ಐವತ್ತಾರು ಇರುತ್ತವೆ. ಆ ನಾಲ್ಕನ್ನು ಯಾರೂ ಬಳಸುವುದಿಲ್ಲ. ಇಟ್ಟಿಗೆಯೊಂದಕ್ಕೆ ನಲವತ್ತೆಂಟು ಆಯಿತು. ನಿಮ್ಮ ಹೆಸರು, ಫೋನ್ ನಂಬರನ್ನು ಅವುಗಳ ಮೇಲೆ ಕೈಯಲ್ಲೇ ಬರೆಯಿರಿ, ಕಾರ್ಯಕ್ರಮದ ತಾರೀಕು ಹಾಕಿ, ಸಹಿ ಎಲೆಯ ಜೊತೆ ಒಂದೊಂದನ್ನು ಕೊಡಿ. ಅಚ್ಚು ಹಾಕಿಸಿದ ವಿಸಿಟಿಂಗ್ ಕಾರ್ಡು ಹಾಲ್‌ನ ನೆಲದ ಮೇಲೆ ಬಿದ್ದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ, ಜೋಕರ್ ಬಿದ್ದಿರುವುದನ್ನು ನೋಡಿಲ್ಲ.